ಪಿಕಪ್‌ನ ಮೂತಿ ಎತ್ತುವ ಮುನ್ನ

ಗಲ್ಫ್‌ನಲ್ಲಿರುವ ಅಣ್ಣಂದಿರೋ ಮಾವಂದಿರೋ ಕಳಿಸುವ ಫೋಟೊಗಳಲ್ಲಿ ಪಿಕಪ್ ಗಾಡಿಗಳನ್ನು ನೀವು ನೋಡಿರುತ್ತೀರಿ. ಖಾಲಿ ಗಾಡಿಯನ್ನು ಪಕ್ಕದಿಂದ ಗಮನಿಸಿ, ಹಿಂಭಾಗ ಸ್ವಲ್ಪ ಎತ್ತರದಲ್ಲಿರುತ್ತದೆ. ಸರಕು ಹೇರಿದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ಸಮವಾಗಲಿ ಎಂದೇ ಹಾಗೆ ಮಾಡಿರುತ್ತಾರೆ. ಅಮೆರಿಕದಲ್ಲಿ ಅನೇಕರಿಗೆ ಈ ಓರೆ ಹಿಡಿಸುವುದಿಲ್ಲ. ಮುಂಭಾಗವನ್ನು ಎರಡು ಇಂಚಿನಷ್ಟು ಎತ್ತುವ ಲೆವೆಲಿಂಗ್ ಕಿಟ್ ತಂದು ಮನೆಯಂಗಳದಲ್ಲೇ ಜೋಡಿಸುತ್ತಾರೆ.

ಕಿಟ್ ಎಂದರೆ ಬಹುತೇಕ ಒಂದು ಜೊತೆ ದಪ್ಪ ಲೋಹದ ಬಿಲ್ಲೆ. ಅದು ಸ್ಟ್ರಟ್‌ನ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗದ, ತಲೆಯ ಮೇಲೆ ಕೂರುತ್ತದೆ. ತಮಾಷೆಯೆಂದರೆ, ಎರಡು ಇಂಚು ಎತ್ತಲು ಸುಮಾರು ಒಂದು ಇಂಚಿನ ಬಿಲ್ಲೆ ಸಾಕು! ಸ್ಟ್ರಟ್ ಕೂತಿರುವುದು ಚಕ್ರದ ಮೇಲಲ್ಲ, ಕೆಳಗಿನ ತೋಳಿನ ನಡುವೆ. ನಮ್ಮ ಫಿಸಿಕ್ಸ್ ಪುಸ್ತಕದ ಸನ್ನೆಕೋಲು ಇದೇ.

ಕೆಲಸ ಹೀಗೆ: ಹಿಂದಿನ ಚಕ್ರಗಳಿಗೆ ಕಲ್ಲು ಒತ್ತು ಕೊಟ್ಟು, ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಲೇಬಾರದು. ಚಕ್ರ ಬಿಚ್ಚಿ, ಬ್ರೇಕ್ ಪೈಪನ್ನೂ ಎಬಿಎಸ್ ವೈರನ್ನೂ ಹಿಡಿಕೆಯಿಂದ ಸಡಿಲಿಸಬೇಕು, ಇಲ್ಲವಾದರೆ ಎಳೆದು ಹರಿಯುತ್ತವೆ. ಆಮೇಲೆ ಮೇಲಿನ ಬಾಲ್ ಜಾಯಿಂಟ್, ಸ್ಟ್ರಟ್‌ನ ಕೆಳಗಿನ ಬೋಲ್ಟ್, ಮೇಲಿನ ಸುತ್ತಲ ನಟ್‌ಗಳು. ಆದರೆ ಸ್ಟ್ರಟ್ ತಲೆಯ ನಟ್ಟನಡುವಿನ ನಟ್ ಮುಟ್ಟಬೇಡಿ. ಒತ್ತಿ ಹಿಡಿದ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ. ಅದು ಬಿಚ್ಚಿದರೆ ಸ್ಪ್ರಿಂಗ್ ಸಿಡಿಯುತ್ತದೆ, ಎದುರಿಗಿದ್ದವನ ಜೀವವೇ ಹೋಗಬಹುದು.

ಬಿಲ್ಲೆ ಕೂರಿಸಿ, ತಯಾರಕರು ಹೇಳಿದ ಟಾರ್ಕ್‌ಗೆ ಎಲ್ಲವನ್ನೂ ಬಿಗಿಮಾಡಿದ ಮೇಲೂ ಕೆಲಸ ಮುಗಿಯಲಿಲ್ಲ. ಚಕ್ರಗಳ ಕೋನ ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಬದಿ ಸವೆಯುತ್ತದೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ನ ಜಾಯಿಂಟ್‌ಗಳು ಹೆಚ್ಚು ಓರೆಯಲ್ಲಿ ತಿರುಗಿ ಬೇಗ ಸವೆಯುತ್ತವೆ.

ಹೆಚ್ಚಿನವರು ಮರೆಯುವುದು ಹೆಡ್‌ಲೈಟ್. ಒಂದು ಲೆಕ್ಕ ಹಾಕೋಣ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 145 ಇಂಚು ಎಂದುಕೊಳ್ಳಿ. ಎರಡು ಇಂಚು ಎತ್ತಿದರೆ ಓರೆ 2/145. ಅಂದರೆ 25 ಮೀಟರ್ ದೂರದಲ್ಲಿ ಬೆಳಕು ಸುಮಾರು 34 ಸೆಂಟಿಮೀಟರ್ ಮೇಲೇರುತ್ತದೆ, ನೇರ ಎದುರಿನ ಬೈಕ್ ಸವಾರನ ಕಣ್ಣಿಗೆ. ಹಿಂದೆ ಸರಕು ಹೇರಿದರೆ ಇನ್ನೂ ಮೇಲೆ. ಲೈಟಿನ ಸ್ಕ್ರೂ ತಿರುಗಿಸಿ ಕೆಳಗಿಳಿಸಲು ಹತ್ತು ನಿಮಿಷ ಸಾಕು, ಆದರೂ ಮಾಡುವವರು ಕಡಿಮೆ.

ನಮ್ಮಲ್ಲಿ ಇದನ್ನು ಮಾಡಿಸಲು ಹೊರಡುವ ಗೆಳೆಯರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲು ಓದಲಿ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಆರ್‌ಸಿಯ ವಿವರ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಅದು ತಡೆಯುತ್ತದೆ.