ಕಡಲಿಲ್ಲದ ಬಳ್ಳಾರಿಯ ಚಂಡಮಾರುತ

ತಪ್ಪು ಕಲ್ಪನೆ: ಚಂಡಮಾರುತ ಕರಾವಳಿಯವರ ಪಾಡು, ನಮಗೇನು?

ಆಂಧ್ರದ ಕಡಲ ದಂಡೆ ಬಳ್ಳಾರಿಯಿಂದ 300 ಕಿ.ಮೀ.ಗೂ ಹೆಚ್ಚು ದೂರ. ನೆಲ ಮುಟ್ಟಿದ ಚಂಡಮಾರುತಕ್ಕೆ ಕಡಲಿನ ಬೆಚ್ಚನೆಯ ಆವಿ ಸಿಗದೆ ಗಾಳಿ ಸೋಲುತ್ತದೆ. ಮಳೆ ಮೋಡ ಮಾತ್ರ ಒಳನಾಡಿಗೆ ನುಗ್ಗುತ್ತದೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳ ಮುಖ್ಯ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್. ಸಿರುಗುಪ್ಪದಲ್ಲಿ ಭತ್ತ ಕಟಾವಿಗೆ ಬರುವುದು, ಕುರುಗೋಡಿನಲ್ಲಿ ಹತ್ತಿ ಅರಳುವುದು ಆ ತಿಂಗಳುಗಳಲ್ಲೇ. ಎರಡು ದಿನ ಬಿಡದೆ ಹನಿದರೆ ಸಾಕು: ಭತ್ತ ಒರಗಿ ತೆನೆಯಲ್ಲೇ ಮೊಳಕೆಯೊಡೆಯುತ್ತದೆ, ಹತ್ತಿ ಕಪ್ಪಿಡುತ್ತದೆ, ಒಣಗಲು ಹರಡಿದ ಮೆಣಸಿನಕಾಯಿ ಬೂಷ್ಟು ಹಿಡಿಯುತ್ತದೆ. ಒಂದು ಗೋಡೆಯೂ ಬೀಳದೆ ವರ್ಷದ ದುಡಿಮೆ ಹೋಗುತ್ತದೆ. ಇದನ್ನೂ ಚಂಡಮಾರುತದ ಹಾನಿ ಎಂದೇ ಎಣಿಸಬೇಕು.

ತಪ್ಪು ಕಲ್ಪನೆ: ಹೆಸರಿಟ್ಟಿದ್ದರೆ ಮಾತ್ರ ಹೆದರಬೇಕು

ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರಷ್ಟೇ ಹೆಸರು ಬೀಳುತ್ತದೆ. ಮಳೆ ಎಷ್ಟು ಸುರಿದೀತು ಎಂಬುದು ಆ ಲೆಕ್ಕದಲ್ಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂದದ್ದು ಹೆಸರಿಲ್ಲದ ವಾಯುಭಾರ ಕುಸಿತ. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಿರುಗುಪ್ಪದ ಕೆಳಗೆ ಮಂತ್ರಾಲಯವನ್ನು ತುಂಗಭದ್ರೆ ಮುಳುಗಿಸಿತು. ಟಿ.ವಿ.ಯಲ್ಲಿ ಹೆಸರು ಕೇಳಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ತಪ್ಪು ಕಲ್ಪನೆ: ನಮ್ಮೂರಲ್ಲಿ ಮಳೆಯಿಲ್ಲದಿದ್ದರೆ ಹೊಳೆ ಬರುವುದಿಲ್ಲ

ವೇದಾವತಿ, ಅಂದರೆ ನಮ್ಮ ಹಗರಿ, ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಹುಟ್ಟಿ ಚಿತ್ರದುರ್ಗ ದಾಟಿ ಬಂದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ಸೇರುತ್ತದೆ. ಮೇಲೆ ಸುರಿದ ನೀರು ಬಿಸಿಲಿರುವ ಊರಿಗೂ ಬರುತ್ತದೆ. ಹೊಳೆದಂಡೆಯ ಪಂಪ್‌ಸೆಟ್‌ಗಳನ್ನು ಮೇಲಕ್ಕೆ ಸಾಗಿಸಬೇಕೇ ಎಂದು ತಿಳಿಯಲು ಆಕಾಶದ ಜೊತೆಗೆ ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿಯನ್ನೂ ನೋಡಬೇಕು.

ತಪ್ಪು ಕಲ್ಪನೆ: ಹವಾಮಾನ ಇಲಾಖೆಯ ಮಾತು ಯಾವಾಗಲೂ ಸುಳ್ಳು

1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಅಪ್ಪಳಿಸಿದಾಗ ಸಾವು ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆಯನ್ನು ನಂಬಿ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಆದರೂ ಇಂತಿಷ್ಟೇ ಗಂಟೆಗೆ ನಿಮ್ಮ ಹೊಲದಲ್ಲೇ ಮಳೆ ಎಂದು ಯಾರೂ ಹೇಳಲಾರರು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಹೇಳುವುದು ಎಷ್ಟು ಸಿದ್ಧರಾಗಿರಬೇಕು ಎಂಬುದನ್ನು. ಮೋಡ ಹಾಗೇ ಸರಿದು ಹೋದರೆ ಮುಚ್ಚಿದ ತಾಡಪತ್ರಿಯನ್ನು ತೆಗೆದರಾಯಿತು, ನಷ್ಟವೇನಿಲ್ಲ.

ಮುನ್ಸೂಚನೆ ಬಂದ ಮೇಲೆ ಮಳೆಗೆ ಮುಂಚೆ ಕೈಗೆ ಸಿಗುವ ಎರಡು ಮೂರು ದಿನ ದೊಡ್ಡವು. ಬಲಿತ ಭತ್ತವಾದರೆ ಬೇಗ ಕೊಯ್ದು ಒಕ್ಕಿ ಒಳಗೆ ಸೇರಿಸಬಹುದು. ಯಂತ್ರ ಸಿಗದಿದ್ದರೆ ಕೊಯ್ಯುವುದನ್ನೇ ತಡೆಯಿರಿ, ಏಕೆಂದರೆ ಕೊಯ್ದು ನೆಲದಲ್ಲಿ ಮಲಗಿದ ಭತ್ತ ನಿಂತ ಭತ್ತಕ್ಕಿಂತ ಬೇಗ ಕೆಡುತ್ತದೆ. ಬದು ಕಡಿದು ನೀರು ಹೊರಹೋಗಲು ದಾರಿ ಮಾಡಿಡಿ. ಒರಗಿದ ತೆನೆಗೆ ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಸಿಂಪಡಿಸಿದರೆ ಮೊಳಕೆ ತಡೆಯುತ್ತದೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಬಳ್ಳಾರಿ ನಗರದಲ್ಲಿ ಇದೇ ದಿನಗಳು ಚರಂಡಿಯ ಹೂಳೆತ್ತಲು. ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತ ಮೇಲೆ ಪೌರಕಾರ್ಮಿಕರನ್ನು ಇಳಿಸುವುದು ಸರಿಯಲ್ಲ.

ತಪ್ಪು ಕಲ್ಪನೆ: ಕೊಯ್ದ ಬೆಳೆಗೆ ವಿಮೆ ಇಲ್ಲ

ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಿನ ನಂತರದ ನಷ್ಟಕ್ಕೂ ಅವಕಾಶವಿದೆ. ಅದಕ್ಕೆ ಆ ಬೆಳೆ ನಿಮ್ಮೂರಿಗೆ ಅಧಿಸೂಚಿತವಾಗಿರಬೇಕು, ಒಣಗಲೆಂದು ಹೊಲದಲ್ಲೇ ಹರಡಿರಬೇಕು, ಕೊಯ್ದು 14 ದಿನದೊಳಗೆ ಚಂಡಮಾರುತದ ಇಲ್ಲವೇ ಅಕಾಲಿಕ ಮಳೆ ಬಿದ್ದಿರಬೇಕು. ನಷ್ಟವಾದ 72 ಗಂಟೆಯೊಳಗೆ ತಿಳಿಸುವುದು ಕಡ್ಡಾಯ, ಸಹಾಯವಾಣಿ 14447. ಹಾಳಾದ ಪೈರನ್ನು ಎತ್ತುವ ಮೊದಲು ಫೋನ್ ಮಾಡಿ, ಫೋಟೊ ತೆಗೆದಿಡಿ.