ಓಮ್ನಿ, 800, ಹಳೇ ಆಲ್ಟೊ: ಗಾಡಿ ಸೋವಿ, ರಿಪೇರಿ ಎಷ್ಟು?

"ಅರವತ್ತು ಸಾವಿರಕ್ಕ ಒಂದು ಓಮ್ನಿ ಬಂದದ, ತಗೊಳ್ಳಲೇನ್ರಿ?" ನಮ್ಮ ಕಡೆ ನಾಕು ಹುಡುಗರು ಕೂಡಿದಲ್ಲಿ ಈ ಪ್ರಶ್ನೆ ಇದ್ದೇ ಇರ್ತದ. ಓಮ್ನಿ ಅಲ್ಲದಿದ್ರ ಮಾರುತಿ 800, ಇಲ್ಲಾ ಹಳೇ ಆಲ್ಟೊ. ಇವತ್ತಿನ ಎಪಿಸೋಡ್ ಈ ಮೂರು ಗಾಡಿ ಮ್ಯಾಲೆ. ಏನು ಕೆಡ್ತದ, ಯಾಕ ಕೆಡ್ತದ, ಎಷ್ಟು ಬೀಳ್ತದ? ನಾ ಹೇಳೋ ರೇಟೆಲ್ಲ ಹೊರಗಿನ ಗ್ಯಾರೇಜಿನ ಅಂದಾಜು. ಕಂಪನಿ ಸರ್ವಿಸ್ ಸೆಂಟರ್‌ನಾಗ ಜಾಸ್ತಿ, ಊರಿಂದ ಊರಿಗೂ ಫರಕ್ ಇರ್ತದ.

ಮೊದಲು ಗಾಡಿಯ ಕುಲ ತಿಳ್ಕೊಳ್ರಿ. ಜಪಾನಿನಲ್ಲಿ 1949ರಿಂದ 'ಕೇ' ಎಂಬ ವರ್ಗ ಅದ. ಕೇ ಅಂದ್ರ ಹಗುರ. ಇವತ್ತಿನ ನಿಯಮದ ಪ್ರಕಾರ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಇಂಜಿನ್ 660 ಸಿಸಿ ದಾಟುವಂತಿಲ್ಲ. ಸರಕು ಹೊರುವ ಕೇ ಗಾಡಿಗೆ 350 ಕೆಜಿ ಮಿತಿ. ಸುಜುಕಿಯ ಆಲ್ಟೊ ಮತ್ತು ಕ್ಯಾರಿ ಎಂಬ ಕೇ ಗಾಡಿಗಳೇ ನಮ್ಮಲ್ಲಿ 1983ರಲ್ಲಿ ಮಾರುತಿ 800, 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದವು. ವ್ಯಾನಿಗೆ ಓಮ್ನಿ ಅಂತ ಹೆಸರು ಬಿದ್ದದ್ದು ಆಮ್ಯಾಲೆ. ಮೈ ಅಳತಿ ಕೇ ಗಾಡಿದೇ, ಇಂಜಿನ್ ಮಾತ್ರ 796 ಸಿಸಿ. 800 ತಯಾರಿಕೆ 2014ಕ್ಕೆ, ಓಮ್ನಿ 2019ಕ್ಕೆ ನಿಂತಿತು. ಅಂದ್ರ ಇದು ಜಪಾನಿನ ಸಣ್ಣ ಓಣಿಯೊಳಗ ಮೂರ್ನಾಕು ಮಂದಿ ಓಡಾಡಲಿ ಅಂತ ಹುಟ್ಟಿದ ಗಾಡಿ. ನಾವು ಹತ್ತು ಮಂದಿ ಕುಂದ್ರಿಸಿ, ಹಿಂದ ಎರಡು ಚೀಲ ಮೆಣಸಿನಕಾಯಿ ಹೇರಿ, ಎರಿ ಹೊಲದ ದಾರಿಗೆ ಇಳಿಸ್ತೀವಿ.

ಇವುಗಳ ದೊಡ್ಡ ವೈರಿ ನೀರು. ನವಲಗುಂದ, ಅಣ್ಣಿಗೇರಿ ಕಡೆ ಬೋರ್ ನೀರು ಸವಳು ಅಂತ ನಿಮಗ ಗೊತ್ತೇ ಅದ. ಬಕೆಟ್‌ನಾಗ ಕಾಸಿದ್ರ ತಳಕ್ಕ ಬಿಳಿ ಪದರ ಕೂಡ್ತದಲ್ಲ, ಅದೇ ಪದರ ರೇಡಿಯೇಟರ್ ನಳಿಗೆಯೊಳಗೂ ಕೂಡ್ತದ. ಕೂಲಂಟ್ ಬದಲು ವರ್ಷಗಟ್ಟಲೆ ಅದೇ ನೀರು ಹಾಕಿದ್ರ ನಳಿಗೆ ಕಟ್ಟಿ, ಇಂಜಿನ್ ಕಾಯ್ತದ. ಇಂಜಿನ್ನಿನ ಮ್ಯಾಲಿನ ಹೆಡ್ ಅಲ್ಯೂಮಿನಿಯಂದು. ಅತಿಯಾಗಿ ಕಾದ್ರ ಸೊಟ್ಟ ಆಗ್ತದ, ನಡುವಿನ ಗ್ಯಾಸ್ಕೆಟ್ ಹೋಗ್ತದ, ನೀರು ಆಯಿಲ್ ಕೂಡಿ ಹಾಲು ಹಾಕಿದ ಚಹಾದಂಗ ಕಾಣ್ತದ. ಆಗ ಹೆಡ್ ಬಿಚ್ಚಿ, ಲೇಥ್‌ಗೆ ಕಳಿಸಿ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್, ಆಯಿಲ್, ಮಜೂರಿ ಎಲ್ಲ ಸೇರಿ ಆರರಿಂದ ಹತ್ತು ಸಾವಿರ. ಹಂಗೇ ಓಡಿಸಿ ಪಿಸ್ಟನ್ ಹಿಡೀತು ಅಂದ್ರ ಬೋರ್ ಮಾಡಿಸಬೇಕು, ಇಪ್ಪತ್ತರಿಂದ ಮೂವತ್ತು ಸಾವಿರ. ಕೂಲಂಟ್ ಬದಲಿಸಾಕ ಎಷ್ಟು? ಸಾವಿರದ ಆಸುಪಾಸು. ಬಿಕಾಂ ಓದಿದವನಿಗೆ ಇದಕ್ಕಿಂತ ಸರಳ ಲೆಕ್ಕ ಬ್ಯಾರೆ ಸಿಗೂದಿಲ್ಲ.

ಇಲ್ಲೇ ಒಂದು ಮಾತು. ಗಾಡಿ ಕಾಯಾಕತ್ತಿತು ಅಂದ ಕೂಡ್ಲೇ ಕೆಲವು ಮಿಸ್ತ್ರಿಗಳು ಥರ್ಮೋಸ್ಟಾಟ್ ಕಿತ್ತು ಒಗದು, ಫ್ಯಾನಿಗೆ ಡೈರೆಕ್ಟ್ ವೈರ್ ಎಳದು ಸ್ಟಿಯರಿಂಗ್ ಬಲ್ಲಿ ಒಂದು ಸ್ವಿಚ್ ಕೊಡ್ತಾರ. ಅದು ರಿಪೇರಿ ಅಲ್ರಿ, ಜ್ವರ ಇದ್ದವನ ಥರ್ಮಾಮೀಟರ್ ಕಸಕೊಂಡಂಗ. ಸ್ವಿಚ್ ಹಾಕೋದು ಒಂದಿನ ಮರೀತೀರಿ, ಅವತ್ತೇ ಹೆಡ್ ಹೋಗ್ತದ.

ಇನ್ನು ಎರಿ ರಾಡಿ. 800 ಮತ್ತು ಆಲ್ಟೊದಾಗ ಎಳೆಯೋದು ಮುಂದಿನ ಗಾಲಿ. ಆಕ್ಸಲ್ಲಿನ ತುದಿಗೆ ರಬ್ಬರ್ ಬೂಟ್ ಇರ್ತದ, ಒಳಗ ಗ್ರೀಸ್. ಗಾಲಿಗೆ ಮೆತ್ತಿದ ರಾಡಿ ಒಣಗಿ ಕಲ್ಲಾಗಿ ಬೂಟ್ ಹರೀತದ, ಗ್ರೀಸ್ ಹೋಗಿ ಮಣ್ಣು ಹೊಕ್ಕತದ. ಹೊಳ್ಳಸುವಾಗ ಕಟಕಟ ಸಪ್ಪಳ ಬಂತಂದ್ರ ಜಾಯಿಂಟ್ ಸವದದ. ಬೂಟ್ ಅಷ್ಟೇ ಹರಿದಾಗ ಹಾಕಿಸಿದ್ರ ಕೆಲವು ನೂರು ರೂಪಾಯಿ, ಜಾಯಿಂಟೇ ಬದಲಿಸಬೇಕಂದ್ರ ಎರಡು ಸಾವಿರದ ಮ್ಯಾಲೆ. ಓಮ್ನಿಗೆ ಈ ಕಾಟ ಇಲ್ಲ. ಅದರದು ಹಿಂದಿನ ಗಾಲಿ ಎಳೆತ, ಲೀಫ್ ಪಟ್ಟಿ. ಹಂಗಂತ ಹೇರಿದ್ದೇ ಹೇರಿದ್ರ ಪಟ್ಟಿ ಮುರೀತದ.

ಮಳಿಗಾಲದಾಗ ಕುಂದಗೋಳ, ನವಲಗುಂದ ತಾಲೂಕಿನವರಿಗೆ ಬೆಣ್ಣಿಹಳ್ಳದ ಅಂಜಿಕೆ. ಹನ್ನೆರಡು ಇಂಚಿನ ಸಣ್ಣ ಗಾಲಿ ಗಾಡಿ ಇದು, ರಸ್ತೆ ಮ್ಯಾಲೆ ಮೊಳಕಾಲು ನೀರಿದ್ದರೂ ಇಳಸಬ್ಯಾಡ್ರಿ. ಗಾಳಿ ಎಳೆಯೋ ಜಾಗದಿಂದ ನೀರು ಸಿಲಿಂಡರ್‌ಗೆ ಹೋದ್ರ, ನೀರು ಗಾಳಿಯಂಗ ಒತ್ತಿಗೆ ಕುಗ್ಗೂದಿಲ್ಲ, ಕನೆಕ್ಟಿಂಗ್ ರಾಡ್ ಬಾಗ್ತದ. ನಡುನೀರಾಗ ಬಂದ್ ಬಿತ್ತಾ? ಮತ್ತ ಸೆಲ್ಫ್ ಹೊಡೀಬ್ಯಾಡ್ರಿ, ನೂಕಿ ಹೊರಗ ತರ್ರಿ. ಆ ಒಂದು ಸೆಲ್ಫ್ ಇಡೀ ಇಂಜಿನ್ ಕೆಲಸಕ್ಕ ಸಮ.

ಕಲಘಟಗಿಯವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋದಾದ್ರ ಎರಡನೇ ಗೇರಿನಾಗ ಇಳೀರಿ, ಬ್ರೇಕ್ ಕಾದು ಹಿಡೀದಂಗ ಆಗೋದು ತಪ್ತದ. ಕ್ಲಚ್ ಮ್ಯಾಲೆ ಕಾಲಿಟ್ಟೇ ಓಡಸೋ ಚಟ ಇದ್ರ ಕ್ಲಚ್ ಸೆಟ್ಟಿಗೆ ಐದು ಸಾವಿರ ಎತ್ತಿಡ್ರಿ.

ಟೈಮಿಂಗ್ ಬೆಲ್ಟ್ ಮಾತ್ರ ಕಿವಿಗೊಟ್ಟು ಕೇಳ್ರಿ. 796 ಸಿಸಿ ಇಂಜಿನ್ನಿಗೆ ರಬ್ಬರ್ ಬೆಲ್ಟ್, ಆಲ್ಟೊ ಕೆ10ಕ್ಕೆ ಚೈನ್. ಬೆಲ್ಟ್ ಹರಿಯೋ ಮುಂದ ಸಪ್ಪಳ ಮಾಡೂದಿಲ್ಲ, ಸುಮ್ಮನ ಹರೀತದ, ಗಾಡಿ ಅಲ್ಲೇ ನಿಲ್ತದ. ಮೀಟರ್ ಹೊಳ್ಳಿಸಿದ ಹಳೇ ಗಾಡಿಯೊಳಗ ಕಿಲೋಮೀಟರ್ ನಂಬಂಗಿಲ್ಲ. ತಗೊಂಡ ಕೂಡ್ಲೇ ಹೊಸಾದು ಹಾಕಿಸಿಬಿಡ್ರಿ, ಎರಡು ಸಾವಿರದ ಆಸುಪಾಸು.

ಈಗ ಆ ಅರವತ್ತು ಸಾವಿರದ ಓಮ್ನಿ ಲೆಕ್ಕ. 2004ರ ಗಾಡಿ ಅಂತ ಹಿಡಕೊಳ್ರಿ. ಹೆಡ್ ಕೆಲಸ ಎಂಟು, ಬೆಲ್ಟ್ ಎರಡು, ಕ್ಲಚ್ ಐದು, ನಾಕು ಟೈರ್ ಹತ್ತು: ಇಪ್ಪತ್ತೈದು ಸಾವಿರ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಒಟ್ಟು ತೊಂಬತ್ತೈದು ಸಾವಿರ ಆತು, ಇನ್ಶೂರೆನ್ಸ್ ಬ್ಯಾರೆ. ದಿನಾ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಕಾಯಿಪಲ್ಲೆ ಒಯ್ಯೋರಿಗೆ ಇಷ್ಟಾದ್ರೂ ಗಿಟ್ಟಬಹುದು, ಯಾಕಂದ್ರ ಪಾರ್ಟ್ಸ್ ಎಲ್ಲಾ ಕಡೆ ಸಿಗ್ತಾವು, ಮಿಸ್ತ್ರಿಗೂ ಗೊತ್ತು. ತಿಂಗಳಿಗೊಮ್ಮೆ ಮದುವಿಗೆ ಹೋಗಾಕ ಅಷ್ಟೇ ಆದ್ರ ಬಾಡಿಗಿ ಗಾಡಿನೇ ಲಾಭ.

ಸೀಟಿನ ಕೆಳಗ ಮನಿ ಅಡಿಗಿ ಸಿಲಿಂಡರ್ ಕಂಡ್ರ ಲೆಕ್ಕನೇ ಬ್ಯಾಡ. ಓಮ್ನಿಯ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗ. ಗ್ಯಾಸ್ ಸೋರಿದ್ರ ಮಂದಿಗೆ ಇಳಿಯಾಕ ವ್ಯಾಳೆ ಸಿಗೂದಿಲ್ಲ. ಅದು ಕಾನೂನು ಪ್ರಕಾರನೂ ಅಪರಾಧ. ಗ್ಯಾಸ್ ಕಿಟ್ ಇದ್ರ ಆರ್‌ಸಿಯೊಳಗ ನಮೂದಾಗಿರಬೇಕು. ಇಂಥ ಗಾಡಿಯೊಳಗ ಸಾಲಿ ಹುಡುಗರನ್ನ ಕಳಸಬ್ಯಾಡ್ರಿ.

ನೋಡಾಕ ಹೋಗೋದು ಮುಂಜಾನೆ, ಗಾಡಿ ಪೂರ್ತಿ ತಣ್ಣಗಿದ್ದಾಗ. "ಬರೂದ್ರೊಳಗ ಸ್ಟಾರ್ಟ್ ಮಾಡಿ ಇಟ್ಟೇನ್ರಿ" ಅಂದ್ರ ಇನ್ನೊಂದಿನ ಬರ್ತೀನಂತ ಹೇಳ್ರಿ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗಷ್ಟೇ ತಗೀಬೇಕು, ಬಿಸಿ ಇದ್ರ ಮಾರಿಗೆ ಚಿಮ್ಮತದ. ಒಳಗ ತುಕ್ಕಿನ ರಾಡಿ ನೀರು ಕಂಡ್ರ ಹತ್ತು ಸಾವಿರ ಕಡಿಮಿ ಕೇಳ್ರಿ. ಒಪ್ಪಲಿಲ್ಲಂದ್ರ ಚಹಾ ಕುಡದು ಎದ್ದು ಬರ್ರಿ.