ಟ್ರ್ಯಾಕ್ಟರ್ ಎಂಜಿನ್ನಿಗೆ ಯಾವ ಎಣ್ಣೆ?

ಟ್ರ್ಯಾಕ್ಟರ್ ಎಂಜಿನ್ನಿನ ಬಾಳಿಕೆ ಬಹುಮಟ್ಟಿಗೆ ಅದರ ಕೀಲೆಣ್ಣೆಯನ್ನು ಅವಲಂಬಿಸಿದೆ. ಈ ಎಣ್ಣೆ ತೆಳುವಾದ ಪದರವಾಗಿ ನಿಂತು ಲೋಹಕ್ಕೆ ಲೋಹ ಉಜ್ಜದಂತೆ ತಡೆಯುತ್ತದೆ, ಶಾಖವನ್ನು ಹೊರಸಾಗಿಸುತ್ತದೆ.

ಹರಿಯುವಾಗ ಎಣ್ಣೆ ಒಡ್ಡುವ ತಡೆಗೆ ಸ್ನಿಗ್ಧತೆ ಎನ್ನುವರು. ಜೇನುತುಪ್ಪದ ಸ್ನಿಗ್ಧತೆ ಹೆಚ್ಚು, ನೀರಿನದು ಕಡಿಮೆ. ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ, ತಣಿದಂತೆ ಮಂದವಾಗುತ್ತದೆ. ಡಬ್ಬಿಯ ಮೇಲಿನ ‘ಎಸ್.ಎ.ಇ. 15ಡಬ್ಲ್ಯೂ-40’ ಎಂಬುದರಲ್ಲಿ 15ಡಬ್ಲ್ಯೂ ಚಳಿಯಲ್ಲಿನ ಗುಣವನ್ನೂ 40 ಬಿಸಿಯಲ್ಲಿನ ಗುಣವನ್ನೂ ತಿಳಿಸುತ್ತದೆ. 40ರ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೆ ಇರುತ್ತದೆ. ಮಾಗಿಯ ಬೆಳಗಿನ ಚಳಿಗೂ ರಾಯಚೂರು, ಕಲಬುರಗಿಗಳ 40 ಡಿಗ್ರಿ ಮೀರುವ ಬೇಸಿಗೆಗೂ ಇದೊಂದೇ ಸಾಕಾಗುವುದರಿಂದ ಅನೇಕ ಟ್ರ್ಯಾಕ್ಟರುಗಳಿಗೆ ಇದನ್ನೇ ಸೂಚಿಸಲಾಗಿದೆ. ಆದರೂ ಕೈಪಿಡಿ ಹೇಳಿದ್ದೇ ಅಂತಿಮ. ಡಬ್ಬಿಯ ಮೇಲೆ ‘ಸಿಎಚ್-4’, ‘ಸಿಐ-4’ ಎಂಬಂಥ ದರ್ಜೆಯನ್ನೂ ನೋಡಬೇಕು. ಮೊದಲ ಅಕ್ಷರ ‘ಸಿ’ ಡೀಸೆಲ್ ಎಂಜಿನ್ನಿಗೆ, ‘ಎಸ್’ ಪೆಟ್ರೋಲ್ ಎಂಜಿನ್ನಿಗೆ.

ಎಂಜಿನ್ ಹಳೆಯದಾಯಿತೆಂದು ಕೆಲವರು ಇನ್ನೂ ದಪ್ಪ ಎಣ್ಣೆ ಹಾಕುವುದುಂಟು. ಇದು ತಪ್ಪು. ದಪ್ಪ ಎಣ್ಣೆ ಬೇರಿಂಗುಗಳನ್ನು ತಡವಾಗಿ ಮುಟ್ಟುವುದರಿಂದ ಚಾಲೂ ಮಾಡುವಾಗಿನ ಸವೆತ ಹೆಚ್ಚುತ್ತದೆ.

ಎಣ್ಣೆಗೆ ಬೆರೆಸಲೆಂದು ಸಣ್ಣ ಸೀಸೆಗಳಲ್ಲಿ ಮಾರುವ ‘ಅಡಿಟಿವ್’ಗಳು ಬೇಕೆ? ಒಳ್ಳೆಯ ಎಣ್ಣೆಯಲ್ಲಿ ಮಸಿ ಚದುರಿಸುವ, ಸವೆತ ತಡೆಯುವ, ನೊರೆ ಅಡಗಿಸುವ ದ್ರವ್ಯಗಳನ್ನು ತಕ್ಕ ಪ್ರಮಾಣದಲ್ಲಿ ಮೊದಲೇ ಸೇರಿಸಿರುತ್ತಾರೆ. ಮೇಲಿಂದ ಮತ್ತೊಂದನ್ನು ಸುರಿದರೆ ಈ ಹೊಂದಾಣಿಕೆ ಕೆಡಬಹುದು. ಕ್ಲೋರಿನ್ ಇರುವ ಕೆಲವು ದ್ರವ್ಯಗಳು ಲೋಹವನ್ನು ಕೊರೆಯುವ ಸಂಭವವೂ ಉಂಟು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ರಿಂಗು, ಸಿಲಿಂಡರುಗಳು ಸವೆದಿರಬಹುದು. ಎಣ್ಣೆಯನ್ನು ದಪ್ಪಗೊಳಿಸುವ ದ್ರವ್ಯ ಹೊಗೆಯನ್ನು ಕೆಲಕಾಲ ಮರೆಮಾಡೀತೇ ಹೊರತು ಸವೆದ ಭಾಗವನ್ನು ತುಂಬಲಾರದು. ಅಷ್ಟರಲ್ಲಿ ರಿಪೇರಿಯ ಖರ್ಚು ಬೆಳೆದಿರುತ್ತದೆ.

ಆ ಸೀಸೆಯ ಹಣವನ್ನು ಎಣ್ಣೆ ಮತ್ತು ಫಿಲ್ಟರ್ ಬದಲಿಸಲು ಉಪಯೋಗಿಸುವುದು ಲಾಭಕರ. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ಪ್ರತಿದಿನ ಚಾಲೂ ಮಾಡುವ ಮುನ್ನ, ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ ಅಳತೆ ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡಬೇಕು.

2. ಡೀಸೆಲ್ ಎಂಜಿನ್ನಿನ ಎಣ್ಣೆ ಮಸಿ ಹಿಡಿದು ಬೇಗ ಕಪ್ಪಾಗುವುದು ಸಹಜ. ಬಣ್ಣ ನೋಡಿ ಅಲ್ಲ, ಕೈಪಿಡಿಯ ಗಂಟೆಗಳ ಲೆಕ್ಕದಂತೆ ಬದಲಿಸಬೇಕು.

3. ಎಣ್ಣೆ ಹಾಲಿನಂತಾದರೆ ನೀರು ಸೇರಿದೆ ಎಂದು ತಿಳಿದು ಎಂಜಿನ್ ನಿಲ್ಲಿಸಬೇಕು.

4. ಉಳುಮೆ, ಒಕ್ಕಣೆಯ ಧೂಳು ಸಿಲಿಂಡರನ್ನು ಸವೆಸುತ್ತದೆ. ಗಾಳಿ ಶೋಧಕವನ್ನು ಆಗಾಗ ಶುಚಿಗೊಳಿಸಬೇಕು.

ಇಷ್ಟನ್ನು ತಪ್ಪದೆ ಪಾಲಿಸಿದಲ್ಲಿ ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರ್ ಕೈಕೊಡುವ ಸಂದರ್ಭಗಳು ಕಡಿಮೆಯಾಗುವುವು.